ಮಕ್ಕಳ ಜೊತೆ ಮುಂಬೈ: ರೂಮು ಕೊಲಾಬಾದಲ್ಲೋ, ಮಾಟುಂಗದಲ್ಲೋ, ಜುಹೂವಿನಲ್ಲೋ?

ದಸರಾ ರಜೆ ಹತ್ತಿರ ಬಂತು ಅಂದರೆ ಮುಂಬೈ ಕನ್ನಡಿಗರ ಮನೆಗಳಿಗೆ ಊರಿಂದ ಫೋನು ಬರಲು ಶುರು. "ಚಿಕ್ಕಮ್ಮಾ, ಮಕ್ಕಳನ್ನ ಕರ್ಕೊಂಡು ನಾಲ್ಕು ದಿನ ಬರ್ತಾ ಇದ್ದೇವೆ. ಯಾವ ಹೋಟೆಲ್ ಒಳ್ಳೇದು?" ಮೊದಲೆಲ್ಲ ಬಂದವರು ನಮ್ಮ ಒನ್ ಬಿಎಚ್‌ಕೆಯಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಈಗಿನವರಿಗೆ ಎಸಿ ಬೇಕು, ಅಟ್ಯಾಚ್ಡ್ ಬಾತ್‌ರೂಮ್ ಬೇಕು. ತಪ್ಪೇನಿಲ್ಲ. ಆದರೆ ಹೋಟೆಲಿನ ಹೆಸರು ಹೇಳುವ ಮೊದಲು ನಾನು ಒಂದು ಮಾತು ಕೇಳುತ್ತೇನೆ: ಚಿಕ್ಕವನು ಮಧ್ಯಾಹ್ನ ಇನ್ನೂ ಮಲಗುತ್ತಾನಾ?

ಮಲಗುತ್ತಾನೆ ಅಂದರೆ ಹೋಟೆಲ್ ಹುಡುಕುವ ಲೆಕ್ಕವೇ ಬೇರೆ. ಒಂದು ಗಂಟೆ ಹೊತ್ತಿಗೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ರೂಮಿಗೆ ವಾಪಸ್ ಬರಬೇಕು. ನಾಲ್ಕಕ್ಕೆ ಮತ್ತೆ ಹೊರಡಬೇಕು. ಹೀಗೆ ದಿನಕ್ಕೆ ಎರಡು ಸಲ ಹೋಗಿ ಬರಲು ಆಗುವ ದೂರದಲ್ಲಿ ರೂಮು ಇದ್ದರೆ ಪ್ರವಾಸ ಸುಖವಾಗಿರುತ್ತದೆ. ಇಲ್ಲದಿದ್ದರೆ ಐದು ನಕ್ಷತ್ರದ ಹೋಟೆಲಿನಲ್ಲಿ ಇದ್ದರೂ ಸಂಜೆ ಐದಕ್ಕೆ ಮಗು ಟ್ಯಾಕ್ಸಿಯಲ್ಲಿ ರಂಪ ಮಾಡುತ್ತದೆ, ಗಂಡ ಹೆಂಡತಿ ಮುಖ ಊದಿಸಿಕೊಂಡು ಕೂತಿರುತ್ತಾರೆ. ಹಾಗಾಗಿ ನಾನು ಹೋಟೆಲಿಗಿಂತ ಮೊದಲು ಏರಿಯಾ ಆರಿಸಿ ಅನ್ನುತ್ತೇನೆ.

ಮುಂಬೈ ಉದ್ದನೆಯ ಊರು. ಚರ್ಚ್‌ಗೇಟಿನಿಂದ ಬೊರಿವಲಿಗೆ ರೈಲಿನಲ್ಲೇ ಸುಮಾರು 34 ಕಿ.ಮೀ. ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಆಟೋ ಓಡುವುದು ಉಪನಗರಗಳಲ್ಲಿ ಮಾತ್ರ. ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಯನ್ ದಾಟಿ ದಕ್ಷಿಣಕ್ಕೆ ಬಂದರೆ ಕಪ್ಪು ಹಳದಿ ಟ್ಯಾಕ್ಸಿಯೋ ಆ್ಯಪ್ ಕ್ಯಾಬೋ ಬಸ್ಸೋ ಹಿಡಿಯಬೇಕು. ಕೊಲಾಬಾದ ರಸ್ತೆಯಲ್ಲಿ ಮಗು ಎತ್ತಿಕೊಂಡು ಆಟೋಗೆ ಕಾಯುತ್ತಾ ನಿಂತರೆ ನಿಂತೇ ಇರಬೇಕಾಗುತ್ತದೆ.

ಕೊಲಾಬಾ, ಫೋರ್ಟ್, ಚರ್ಚ್‌ಗೇಟ್

ಮೊದಲ ಸಲ ಬರುವವರಿಗೆ, ಎರಡು ಮೂರು ರಾತ್ರಿಯಷ್ಟೇ ಇರುವವರಿಗೆ, ನನ್ನ ಮತ ದಕ್ಷಿಣ ಮುಂಬೈಗೆ. ರೂಮು ಚಿಕ್ಕದು, ದುಡ್ಡು ಜಾಸ್ತಿ. ಆದರೂ ಇಲ್ಲೇ. ಯಾಕೆಂದರೆ ಮಕ್ಕಳಿಗೆ ತೋರಿಸಬೇಕಾದ್ದು ಕಾಲ್ನಡಿಗೆಯಲ್ಲೇ ಸಿಗುತ್ತದೆ. ಗೇಟ್‌ವೇ ಆಫ್ ಇಂಡಿಯಾ, ಅಲ್ಲಿಂದ ಸ್ವಲ್ಪ ದೂರದಲ್ಲೇ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಅದರ ಆವರಣದಲ್ಲಿ 2019ರಲ್ಲಿ ಮಕ್ಕಳಿಗಾಗಿಯೇ ಒಂದು ಮ್ಯೂಸಿಯಂ ತೆರೆದಿದ್ದಾರೆ. ಹೊರಗೆ ಹುಲ್ಲು, ಮರ, ನೆರಳು ಇದೆ. ಒಳಗೆ ಬೇಸರ ಬಂದ ಮಗು ಹೊರಗೆ ಓಡಬಹುದು. ಅಲ್ಲಿಂದ ಮುಂದೆ ಓವಲ್ ಮೈದಾನ. ಸಂಜೆ ಮರೀನ್ ಡ್ರೈವ್ ಕಟ್ಟೆ. ಅದಕ್ಕೆ ಟಿಕೆಟ್ಟೂ ಇಲ್ಲ, ಕ್ಯೂ ಕೂಡ ಇಲ್ಲ. 2023ರಿಂದ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ರೈಲು ನಿಲ್ದಾಣ) ಕಡೆ ಎಸಿ ಡಬಲ್ ಡೆಕ್ಕರ್ ಬಸ್ ಓಡುತ್ತಿದೆ. ಐದು ವರ್ಷದ ಹುಡುಗನಿಗೆ ತಾಜ್ ಹೋಟೆಲಿಗಿಂತ ಆ ಬಸ್ಸಿನ ಮೇಲ್ಮಹಡಿಯ ಮುಂದಿನ ಸೀಟು ದೊಡ್ಡದು.

ಈ ಭಾಗದಲ್ಲಿ ಉಳಿಯುವ ಜಾಗಗಳಲ್ಲಿ ಎರಡು ಜಾತಿ. ಮೊದಲನೆಯದು 1903ರ ತಾಜ್, ನರಿಮನ್ ಪಾಯಿಂಟಿನ ಟ್ರೈಡೆಂಟ್, ಕಫ್ ಪರೇಡಿನ ಪ್ರೆಸಿಡೆಂಟ್ ಥರದ ದೊಡ್ಡವು. ಈಜುಕೊಳ ಇದೆ, ಮಗುವಿಗೆ ತೊಟ್ಟಿಲು ಕೇಳಬಹುದು, ರಾತ್ರಿ ಹನ್ನೊಂದಕ್ಕೂ ಬಿಸಿ ಹಾಲು ಬರುತ್ತದೆ. ಬಿಲ್ಲು ಕೂಡ ಅದಕ್ಕೆ ತಕ್ಕಂತೆ ಬರುತ್ತದೆ. ಎರಡನೆಯದು ಹಳೇ ಕಟ್ಟಡಗಳ ಮಧ್ಯಮ ದರ್ಜೆಯ ಹೋಟೆಲುಗಳು. ಫೋರ್ಟಿನ ಬೀದಿಗಳಲ್ಲಿ, ಕೊಲಾಬಾದ ಒಳರಸ್ತೆಗಳಲ್ಲಿ, ಚರ್ಚ್‌ಗೇಟ್ ಸ್ಟೇಷನ್ ಸುತ್ತ ಇಂಥವು ಬೇಕಾದಷ್ಟಿವೆ. ಮರೀನ್ ಡ್ರೈವಿನಲ್ಲೇ ಸೀ ಗ್ರೀನ್ ಇದೆ. ಮೇಡಂ ಕಾಮಾ ರಸ್ತೆಯಲ್ಲಿ ವೈಡಬ್ಲ್ಯುಸಿಎಯ (ಯಂಗ್ ವಿಮೆನ್ಸ್ ಕ್ರಿಶ್ಚಿಯನ್ ಅಸೋಸಿಯೇಷನ್) ಗೆಸ್ಟ್ ಹೌಸ್ ಇದೆ. ಹೆಸರು ನೋಡಿ ಹೆಂಗಸರಿಗೆ ಮಾತ್ರ ಅಂದುಕೊಳ್ಳಬೇಡಿ, ಕುಟುಂಬಗಳಿಗೂ ರೂಮು ಕೊಡುತ್ತಾರೆ.

ಮಧ್ಯಮ ದರ್ಜೆಯಲ್ಲಿ ರೂಮು ಹಿಡಿಯುವವರು ಎರಡು ವಿಷಯ ನೋಡಬೇಕು. ಒಂದು, ಮೆಟ್ಟಿಲು. ಹಳೇ ಕಟ್ಟಡಗಳಲ್ಲಿ ಲಾಡ್ಜ್ ಮೂರನೇ ಮಹಡಿಯಲ್ಲಿರುತ್ತದೆ, ಲಿಫ್ಟು ಇಬ್ಬರು ನಿಲ್ಲುವಷ್ಟಿರುತ್ತದೆ, ಆ ಲಿಫ್ಟಿಗೆ ತಲುಪಲೂ ಏಳೆಂಟು ಮೆಟ್ಟಿಲು ಹತ್ತಬೇಕಾಗುತ್ತದೆ. ಸ್ಟ್ರಾಲರ್ ತರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಇನ್ನೊಂದು, ಕಿಟಕಿ. ಸಮುದ್ರ ಕಾಣುವ ರೂಮು ಅಂತ ಹೆಚ್ಚು ದುಡ್ಡು ಕೊಡುತ್ತೀರಿ. ಆ ಕಿಟಕಿಗೆ ಗ್ರಿಲ್ ಇದೆಯಾ, ಬಾಲ್ಕನಿಯ ಕಂಬಿ ಎಷ್ಟು ಎತ್ತರ ಅಂತ ಫೋನಿನಲ್ಲೇ ಕೇಳಿ. ಹತ್ತುವ ವಯಸ್ಸಿನ ಮಗು ಇದ್ದರೆ ನಾನು ಸಮುದ್ರ ಬಿಟ್ಟು ಹಿಂದಿನ ರೂಮೇ ತಗೊಳ್ಳಿ ಅನ್ನುತ್ತೇನೆ. ಸಮುದ್ರ ಎಲ್ಲಿಗೆ ಹೋಗುತ್ತೆ, ಕೆಳಗಿಳಿದರೆ ಅಲ್ಲೇ ಇದೆ.

ಕೊಲಾಬಾದಲ್ಲಿ ಇಳಿದವರೆಲ್ಲ ಎಲಿಫೆಂಟಾ ಗುಹೆಗೆ ಹೋಗಲೇಬೇಕು ಅಂದುಕೊಳ್ಳುತ್ತಾರೆ. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ, ಇಳಿದ ಮೇಲೆ ಸುಮಾರು 120 ಮೆಟ್ಟಿಲು, ಮತ್ತೆ ವಾಪಸ್ ಒಂದು ಗಂಟೆ. ಸೋಮವಾರ ರಜೆ. ಜೋರು ಮಳೆಗಾಲದಲ್ಲಿ ದೋಣಿ ನಿಲ್ಲುವುದುಂಟು. ಏಳೆಂಟು ವರ್ಷದ ಮಕ್ಕಳಿಗೆ ಇದು ಮಜಾ. ಮೂರು ವರ್ಷದವರ ಮಧ್ಯಾಹ್ನದ ನಿದ್ದೆ ಆ ದೋಣಿಯಲ್ಲೇ ಮುಳುಗಿ ಹೋಗುತ್ತದೆ. ಅದರ ಬದಲು ಟ್ಯಾಕ್ಸಿ ಮಾಡಿ ಮಲಬಾರ್ ಹಿಲ್‌ಗೆ ಹೋಗಿ. ಕಮಲಾ ನೆಹರೂ ಪಾರ್ಕಿನಲ್ಲಿ ಬೂಟಿನ ಆಕಾರದ ಮನೆ ಇದೆ. ನಾವೆಲ್ಲ ಚಿಕ್ಕವರಿದ್ದಾಗ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರೇ. ಹತ್ತಿರದಲ್ಲೇ 2025ರಲ್ಲಿ ಮರಗಳ ನಡುವೆ ಎತ್ತರದ ಹಲಗೆ ದಾರಿಯೊಂದು ಮಾಡಿದ್ದಾರೆ.

ಮಾಟುಂಗ, ದಾದರ್

ಪ್ರವಾಸದ ಪುಸ್ತಕಗಳು ಈ ಏರಿಯಾವನ್ನು ಊಟಕ್ಕೆ ಮಾತ್ರ ಹೇಳುತ್ತವೆ. ನಮ್ಮವರಿಗೆ ನಾನು ವಾಸಕ್ಕೂ ಹೇಳುತ್ತೇನೆ. ಅದರಲ್ಲೂ ಅಜ್ಜ ಅಜ್ಜಿ ಜೊತೆಗಿದ್ದರೆ.

ಕಾರಣ ಒಂದು, ಹೊಟ್ಟೆ. ಎರಡು ವರ್ಷದ ಮಗು ಹೊಸ ಊರಿನಲ್ಲಿ ಊಟ ಬಿಟ್ಟರೆ ಇಡೀ ಮನೆಯ ರಜೆ ಹಾಳು. ಮಾಟುಂಗದಲ್ಲಿ ಆ ಭಯವೇ ಇಲ್ಲ. ಸ್ಟೇಷನ್ ಹತ್ತಿರದ ರಾಮ್ ಆಶ್ರಯ ಬೆಳಗಿನ ಜಾವವೇ ಬಾಗಿಲು ತೆರೆಯುತ್ತದೆ. ಕಿಂಗ್ಸ್ ಸರ್ಕಲ್ ಕಡೆ ಕೆಫೆ ಮದ್ರಾಸ್ ಇದೆ, ಭಾನುವಾರ ಮಾತ್ರ ಹೋಗಬೇಡಿ, ಕ್ಯೂ ಫುಟ್‌ಪಾತ್ ತುಂಬಾ ಇರುತ್ತದೆ. 1942ರಿಂದ ನಡೆಯುತ್ತಿರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆ ಊಟ. ಮೆತ್ತಗಿನ ಇಡ್ಲಿ, ಬಿಸಿ ಅನ್ನ, ತಿಳಿಸಾರು, ಮೊಸರು. ಖಾರ ಹಾಕಬೇಡಿ ಅಂತ ಕನ್ನಡದಲ್ಲೇ ಹೇಳಬಹುದು. ತುಳುವಿನಲ್ಲಿ ಹೇಳಿದರೂ ಯಾರಾದರೊಬ್ಬರು ತಿರುಗಿ ನೋಡುತ್ತಾರೆ.

ಕಾರಣ ಎರಡು, ನಡುವಿನ ಜಾಗ. ಮಕ್ಕಳಿಗೆ ಇಷ್ಟವಾಗುವ ಮುಖ್ಯ ಜಾಗಗಳು ಇಲ್ಲಿಂದಲೇ ಹತ್ತಿರ. ಬೈಕಲಾದ ರಾಣಿ ಬಾಗ್ ಪ್ರಾಣಿ ಸಂಗ್ರಹಾಲಯಕ್ಕೆ ಲೋಕಲ್ ರೈಲಿನಲ್ಲಿ ಐದನೇ ಸ್ಟೇಷನ್. ಅಲ್ಲಿ 2017ರಿಂದ ಪೆಂಗ್ವಿನ್‌ಗಳನ್ನು ನೋಡಬಹುದು. ಪೆಂಗ್ವಿನ್ ಮನೆ ತಣ್ಣಗೆ ಇರುವುದರಿಂದ ಅಪ್ಪಂದಿರೂ ಅಲ್ಲಿಂದ ಬೇಗ ಹೊರಡುವುದಿಲ್ಲ. ಬುಧವಾರ ರಜೆ, ನೆನಪಿಟ್ಟುಕೊಳ್ಳಿ. ವರ್ಲಿಯ ನೆಹರೂ ಸೈನ್ಸ್ ಸೆಂಟರ್ ಟ್ಯಾಕ್ಸಿಗೆ ಹತ್ತಿರ. ಅಲ್ಲಿ ಹೊರಗಿನ ಪಾರ್ಕಿನಲ್ಲಿ ಮಕ್ಕಳು ಮುಟ್ಟಿ, ತಿರುಗಿಸಿ, ಎಳೆದು ಆಡಬಹುದು. ನೆಹರೂ ತಾರಾಲಯ ಅದೇ ದಿಕ್ಕಿನಲ್ಲಿದೆ. ಅದು ಸೋಮವಾರ ಮುಚ್ಚಿರುತ್ತದೆ. ತೀರಾ ಪುಟ್ಟ ಮಕ್ಕಳು ಕತ್ತಲೆಗೆ ಹೆದರಬಹುದು. ಸಂಜೆ ಸುಮ್ನೆ ಆಡಿಸಲು ಫೈವ್ ಗಾರ್ಡನ್ಸ್ ಇದೆ. ದೊಡ್ಡ ದೊಡ್ಡ ಮರಗಳು, ಹತ್ತಿರದ ಮನೆಗಳ ಮಕ್ಕಳು. ಭಾಷೆ ಬಾರದಿದ್ದರೂ ಹತ್ತು ನಿಮಿಷದಲ್ಲಿ ದೋಸ್ತಿ ಆಗಿಬಿಡುತ್ತದೆ.

ಮೂರನೆಯದು ಊರಿನ ರೈಲಿನ ವಿಷಯ. ಮಂಗಳೂರು, ಉಡುಪಿ ಕಡೆಯಿಂದ ಮತ್ಸ್ಯಗಂಧದಲ್ಲಿ ಬರುವವರು ಬೆಳಗ್ಗೆ ಇಳಿಯುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಹುಬ್ಬಳ್ಳಿ ಕಡೆಯಿಂದ ಚಾಲುಕ್ಯ, ಶರಾವತಿ ರೈಲಿನಲ್ಲಿ ಬಂದರೆ ದಾದರ್. ನಿದ್ದೆಗಣ್ಣಿನ ಮಕ್ಕಳು, ಮೂರು ಸೂಟ್‌ಕೇಸು, ಒಂದು ಚೀಲ ಹಲಸಿನ ಹಪ್ಪಳ. ಇಷ್ಟೆಲ್ಲ ಹೊತ್ತು ಆಫೀಸಿಗೆ ಹೋಗುವವರ ಟ್ರಾಫಿಕ್‌ನಲ್ಲಿ ಕೊಲಾಬಾ ಮುಟ್ಟುವುದಕ್ಕಿಂತ ಮಾಟುಂಗಕ್ಕೆ ಬರುವುದು ಎಷ್ಟೋ ವಾಸಿ.

ಇನ್ನು ಕೊರತೆಗಳು. ಹೋಟೆಲುಗಳು ಕಡಿಮೆ. ಮಾಟುಂಗದಲ್ಲಂತೂ ಬೆರಳೆಣಿಕೆ, ದಾದರ್ ಪೂರ್ವದಲ್ಲಿ ಮಿಡ್‌ಟೌನ್ ಪ್ರೀತಮ್ ಥರದವು ಕೆಲವಿವೆ. ಈಜುಕೊಳ ಹುಡುಕಬೇಡಿ. ಕಿಟಕಿ ತೆರೆದರೆ ಫ್ಲೈಓವರ್ ಕಾಣಬಹುದು. ದಾದರ್ ಸ್ಟೇಷನ್ ಎದುರಿನ ರೂಮುಗಳಿಗೆ ರಾತ್ರಿ ಹನ್ನೆರಡರವರೆಗೂ ಗಲಾಟೆ ಇದ್ದಿದ್ದೇ. ಮದುವೆ ಹಾಲ್ ಇರುವ ಹೋಟೆಲಾದರೆ ಅದರ ಮೇಲಿನ ಮಹಡಿ ಬೇಡ ಅಂತ ಮೊದಲೇ ಹೇಳಿ. ಗಣೇಶ ಹಬ್ಬದ ದಿನಗಳಲ್ಲಿ ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಸಮಾಜದ ಗಣಪತಿ ನೋಡಲು ಊರಿಗೆ ಊರೇ ಬರುತ್ತದೆ. ಭಕ್ತಿ ಇದ್ದವರು ಆಗಲೇ ಬರಲಿ. ಸ್ಟ್ರಾಲರ್ ಇದ್ದವರು ಬೇರೆ ವಾರ ನೋಡಿಕೊಳ್ಳಲಿ.

ಜುಹೂ

ಊರು ನೋಡುವುದಕ್ಕಿಂತ ಮಕ್ಕಳು ನೀರಲ್ಲಿ ಆಡಿದರೆ ಸಾಕು ಅನ್ನುವವರಿಗೆ ಜುಹೂ. ಜೆಡಬ್ಲ್ಯು ಮ್ಯಾರಿಯಟ್, ನೊವೊಟೆಲ್, ಸನ್ ಆ್ಯಂಡ್ ಸ್ಯಾಂಡ್ ಎಲ್ಲ ಸಮುದ್ರಕ್ಕೆ ಬೆನ್ನು ತಾಗಿಸಿಕೊಂಡೇ ಇವೆ, ಈಜುಕೊಳವೂ ಇದೆ. ಸಸ್ಯಾಹಾರಿಗಳಿಗೆ, ಕಡಿಮೆ ಖರ್ಚಿನವರಿಗೆ ಇಸ್ಕಾನ್ ದೇವಸ್ಥಾನದ ಗೆಸ್ಟ್ ಹೌಸ್ ಒಳ್ಳೆಯ ದಾರಿ. ಬೆಳಗ್ಗೆ ಆರತಿಗೆ ಅಜ್ಜಿ, ಮರಳಿಗೆ ಮೊಮ್ಮಗ. ಇಬ್ಬರೂ ನಡೆದೇ ಹೋಗಬಹುದು. ಆದರೆ ಅಲ್ಲಿ ರೂಮು ಬೇಗ ಭರ್ತಿಯಾಗುತ್ತವೆ.

ಕರಾವಳಿಯವರಿಗೆ ಒಂದು ಕಿವಿಮಾತು. ಇದು ಮಲ್ಪೆಯೂ ಅಲ್ಲ, ಕಾಪುವೂ ಅಲ್ಲ. ಜುಹೂ ಸಮುದ್ರ ಈಜಲು ಯೋಗ್ಯವಲ್ಲ, ನೀರು ಕೊಳಕು. ಮಳೆಗಾಲದಲ್ಲಿ ಸೆಳೆತ ಅಪಾಯಕಾರಿ, ಜೊತೆಗೆ ಜೆಲ್ಲಿಫಿಶ್‌ಗಳು ದಡಕ್ಕೆ ಬಂದು ಬೀಳುತ್ತವೆ. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಮರಳಲ್ಲಿ ಗುಡ್ಡೆ ಕಟ್ಟಿ ಆಡಿಸಿ. ನೀರಾಟ ಹೋಟೆಲಿನ ಕೊಳದಲ್ಲಿ ಆಗಲಿ. ಬೀಚ್ ಹೋಟೆಲ್ ಅಂತ ದುಡ್ಡು ಕೊಡುವಾಗ ನೀವು ನಿಜವಾಗಿ ಕೊಳ್ಳುತ್ತಿರುವುದು ಆ ಕೊಳವನ್ನೇ. ಹಾಗಾದರೆ ಕೊಳದ ಬಗ್ಗೆ ಸರಿಯಾಗಿ ಕೇಳಿ, ಅಲ್ವಾ? ಮಕ್ಕಳಿಗೆ ಬೇರೆ ಆಳವಿಲ್ಲದ ಕೊಳ ಇದೆಯಾ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ರಿಪೇರಿ ಏನಾದರೂ ನಡೀತಾ ಇದೆಯಾ, ನೈಲಾನ್ ಈಜುಡುಗೆ ಕಡ್ಡಾಯವಾ. ಕಾಟನ್ ಚಡ್ಡಿಯಲ್ಲಿ ಬಂದ ಮಗುವನ್ನು ಕೊಳದ ಪಕ್ಕದಲ್ಲೇ ತಡೆದು ನಿಲ್ಲಿಸುವುದು ಎಲ್ಲ ಕಡೆ ನಡೆಯುತ್ತದೆ.

ಜುಹೂವಿನಲ್ಲಿ ಉಳಿದು ದಿನಾ ಗೇಟ್‌ವೇ ಕಡೆ ಹೋಗುವ ಪ್ಲಾನ್ ಮಾತ್ರ ಬೇಡ. ಒಂದು ದಿನ ಹೋಗಿ ಬನ್ನಿ, ಸಾಕು. ಬಾಂದ್ರಾ ವರ್ಲಿ ಸೀ ಲಿಂಕ್, ಅದರ ಮುಂದೆ ಈಗ ಕೋಸ್ಟಲ್ ರೋಡ್ ಇರುವುದರಿಂದ ಕಾರಿನವರಿಗೆ ದಾರಿ ಮೊದಲಿನಷ್ಟು ಕಷ್ಟವಿಲ್ಲ. ಆದರೂ ಜುಹೂ ಬಿಟ್ಟು ಸೀ ಲಿಂಕ್ ಮುಟ್ಟುವ ತನಕ ಏನಾಗುತ್ತದೆ ಅನ್ನುವುದು ಆ ದಿನದ ಟ್ರಾಫಿಕ್‌ಗೆ ಬಿಟ್ಟಿದ್ದು.

ಏರ್‌ಪೋರ್ಟ್, ಬಿಕೆಸಿ, ಪವಾಯಿ

ಇತ್ತೀಚಿನವರೆಗೆ ಏರ್‌ಪೋರ್ಟ್ ಹತ್ತಿರದ ಹೋಟೆಲುಗಳನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ರೂಮು ದೊಡ್ಡದು, ದರವೂ ಪರವಾಗಿಲ್ಲ, ಆದರೆ ಅಲ್ಲಿಂದ ಎಲ್ಲಿಗೆ ಹೋಗೋದು? 2025ರ ಅಕ್ಟೋಬರಿನಲ್ಲಿ ಮೆಟ್ರೋ 3 ಪೂರ್ತಿ ಶುರುವಾದ ಮೇಲೆ ಈ ಲೆಕ್ಕ ಸ್ವಲ್ಪ ಬದಲಾಗಿದೆ. ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿ.ಮೀ., 27 ಸ್ಟೇಷನ್, ಬಹುಪಾಲು ನೆಲದೊಳಗೆ. ಏರ್‌ಪೋರ್ಟಿನ ಎರಡೂ ಟರ್ಮಿನಲ್‌ಗೆ ಸ್ಟೇಷನ್ ಇದೆ. ಬಿಕೆಸಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್), ದಾದರ್, ಸೈನ್ಸ್ ಸೆಂಟರ್, ಸಿಎಸ್‌ಎಂಟಿ, ಚರ್ಚ್‌ಗೇಟ್ ಎಲ್ಲ ಒಂದೇ ದಾರಿಯಲ್ಲಿ. ಅತಿ ಹೆಚ್ಚು ಟಿಕೆಟ್ ದರ 70 ರೂಪಾಯಿ. ಲಿಫ್ಟ್ ಇದೆ, ಎಸಿ ಇದೆ, ಮಗು ಸ್ಟ್ರಾಲರ್‌ನಲ್ಲೇ ಮಲಗಿರಬಹುದು. ಲೋಕಲ್ ರೈಲಿನಲ್ಲಿ ಅದನ್ನು ಯೋಚಿಸಲೂ ಆಗುವುದಿಲ್ಲ.

ಆದ್ದರಿಂದ ಈಗ ಹೋಟೆಲ್ ನೋಡುವಾಗ ಮೆಟ್ರೋ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರವಾ ಅಂತ ಮ್ಯಾಪಿನಲ್ಲಿ ನೋಡಿ. ಬಿಕೆಸಿ ಆಫೀಸಿನವರ ಏರಿಯಾ. ಶನಿವಾರ ಭಾನುವಾರ ಖಾಲಿ ಹೊಡೆಯುತ್ತದೆ, ಹಾಗಾಗಿ ಅಲ್ಲಿನ ದೊಡ್ಡ ಹೋಟೆಲುಗಳಲ್ಲಿ ವಾರಾಂತ್ಯದ ದರ ಇಳಿದಿರುವುದುಂಟು. ದೊಡ್ಡ ರೂಮು, ಕೊಳ, ಬೆಳಗಿನ ತಿಂಡಿಯ ಸಾಲು ಸಾಲು ತಟ್ಟೆ ಕಡಿಮೆ ದುಡ್ಡಿಗೆ ಬೇಕು ಅನ್ನುವವರು ಶುಕ್ರವಾರ ರಾತ್ರಿಯಿಂದ ಭಾನುವಾರದವರೆಗೆ ಇಲ್ಲಿ ನೋಡಬಹುದು. ಹೊರಗೆ ಕಾಲಿಟ್ಟರೆ ಗಾಜಿನ ಕಟ್ಟಡ ಬಿಟ್ಟು ಬೇರೇನೂ ಇಲ್ಲ, ಒಂದು ಬಾಳೆಹಣ್ಣು ಸಿಗುವುದೂ ಕಷ್ಟ.

ಪವಾಯಿ ಚಂದ. ಕೆರೆ ಇದೆ, ಗುಡ್ಡ ಇದೆ. ಅಡುಗೆಮನೆ ಇರುವ ಸರ್ವಿಸ್ ಅಪಾರ್ಟ್‌ಮೆಂಟ್‌ಗಳೂ ಸಿಗುತ್ತವೆ. ವಾರಗಟ್ಟಲೆ ಇರುವವರಿಗೆ, ಮಗುವಿಗೆ ರಾಗಿ ಸರಿ ಕಾಯಿಸಲೇಬೇಕಾದವರಿಗೆ ಸರಿ. ಮೂರು ದಿನದವರಿಗೆ ದೂರ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕಾಗಿಯೇ ಬರುವವರು ಆ ಕಡೆ ಉಳಿಯಲಿ. ಅದಕ್ಕೂ ಸೋಮವಾರ ರಜೆ.

ಬುಕ್ ಮಾಡುವ ಮೊದಲು ಫೋನು ಮಾಡಿ

ಆ್ಯಪಿನಲ್ಲಿ "ಮಕ್ಕಳಿಗೆ ಉಚಿತ" ಅಂತ ಬರೆದಿರುತ್ತಾರೆ. ಅದರ ಅರ್ಥ ಬಹಳ ಕಡೆ ಇಷ್ಟೇ: ನಿಮ್ಮ ಮಂಚದಲ್ಲೇ ಮಲಗಿದರೆ ದುಡ್ಡಿಲ್ಲ. ಎಷ್ಟು ವರ್ಷದವರೆಗೆ ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಬೇರೆ ಹಾಸಿಗೆ ಕೇಳಿದರೆ ದುಡ್ಡು. ತಿಂಡಿ ಇದರಲ್ಲಿ ಸೇರಿದೆಯಾ ಇಲ್ಲವಾ ಅನ್ನುವುದೂ ಬೇರೆ ವಿಷಯ. ರೈಲಿನ ನಿಯಮ ಇಲ್ಲಿ ನಡೆಯುವುದಿಲ್ಲ. ರೈಲಿನಲ್ಲಿ ಐದು ವರ್ಷ ತುಂಬದವರಿಗೆ ಬರ್ತ್ ಬೇಡವಾದರೆ ಟಿಕೆಟ್ ಇಲ್ಲ, ಅದೇ ಲೆಕ್ಕ ಹೋಟೆಲಿಗೂ ಇರುತ್ತೆ ಅಂದುಕೊಂಡು ಬಂದು ಕೌಂಟರಿನಲ್ಲಿ ಜಗಳ ಮಾಡುವವರನ್ನು ನೋಡಿದ್ದೇನೆ. ಆರು ವರ್ಷದ ಮಗಳು, ಮೂರು ವರ್ಷದ ಮಗ ಅಂತ ವಯಸ್ಸು ಹೇಳಿ, ಹಾಸಿಗೆ, ತಿಂಡಿ, ಟ್ಯಾಕ್ಸ್ ಎಲ್ಲ ಸೇರಿ ಒಂದು ರಾತ್ರಿಗೆ ಎಷ್ಟು ಅಂತ ಕೇಳಿ. ಉತ್ತರವನ್ನು ವಾಟ್ಸಾಪಿನಲ್ಲೋ ಇಮೇಲಿನಲ್ಲೋ ತರಿಸಿಕೊಳ್ಳಿ.

ಟ್ಯಾಕ್ಸಿನ ವಿಷಯ ಬಂತು, ಒಂದು ಲೆಕ್ಕ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5. ಅದನ್ನು ದಾಟಿದರೆ ಶೇ. 18. ಅಂದರೆ 7,400ರ ರೂಮು ಕೈಗೆ 7,770 ಬೀಳುತ್ತದೆ. 7,600ರ ರೂಮು 8,968. ದರದಲ್ಲಿ 200 ರೂಪಾಯಿ ವ್ಯತ್ಯಾಸ, ಬಿಲ್ಲಿನಲ್ಲಿ ಹತ್ತಿರ ಹತ್ತಿರ 1,200. ಆ ಗೆರೆಯ ಆಚೆ ಈಚೆ ಇರುವ ರೂಮಾದರೆ ಒಂದೆರಡು ದಿನ ಹಿಂದೆ ಮುಂದೆ ಮಾಡಿ ನೋಡಿ. ಗೆರೆ ದಾಟಿದ ದೊಡ್ಡ ಹೋಟೆಲಿನ ಒಳಗಿನ ರೆಸ್ಟೋರೆಂಟಿನಲ್ಲೂ ಶೇ. 18 ಹಾಕುತ್ತಾರೆ, ಹೊರಗಿನ ಉಡುಪಿ ಹೋಟೆಲಿನಲ್ಲಿ ಶೇ. 5. ಮಗು ತಿನ್ನುವುದು ಒಂದೇ ಇಡ್ಲಿ, ಅದರಲ್ಲೂ ಅರ್ಧ ಬಿಡುತ್ತದೆ.

ಮುಂಬೈಯ ಮಧ್ಯಮ ದರ್ಜೆ ರೂಮಿನಲ್ಲಿ ಮಂಚದ ಸುತ್ತ ನಡೆಯಲಷ್ಟೇ ಜಾಗ. ಎಕ್ಸ್‌ಟ್ರಾ ಹಾಸಿಗೆ ಹಾಸಿದರೆ ಬಾತ್‌ರೂಮ್ ಬಾಗಿಲು ತೆರೆಯುತ್ತದಾ ಅಂತಲೇ ಕೇಳಬೇಕು. ಎರಡು ಸಿಂಗಲ್ ಮಂಚ ಜೋಡಿಸಿದ್ದಾದರೆ ನಡುವಿನ ಸಂದಿಗೆ ಮಗು ಜಾರುತ್ತದೆ, ಒಂದೇ ದೊಡ್ಡ ಮಂಚ ಬೇಕು ಅನ್ನಿ. ಬಕೆಟ್ಟು, ಮಗ್ ಇದೆಯಾ? ಹೊಸ ಹೋಟೆಲುಗಳಲ್ಲಿ ಬರೀ ಶವರ್, ಅದರಡಿ ಒಂದು ವರ್ಷದ ಮಗುವಿಗೆ ಸ್ನಾನ ಮಾಡಿಸಿ ನೋಡಿ ಗೊತ್ತಾಗುತ್ತೆ. ಹಾಲಿಡಲು ಫ್ರಿಡ್ಜ್, ನೀರು ಕಾಯಿಸಲು ಕೆಟಲ್. ಗೀಸರ್ ಬೆಳಗ್ಗೆ ಮಾತ್ರವಾ, ದಿನವಿಡೀನಾ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬರುವುದಾದರೆ ಗೋಡೆಯ ತೇವ, ಮುಗ್ಗಲು ವಾಸನೆ ಬಗ್ಗೆ ಇತ್ತೀಚೆಗೆ ಉಳಿದವರ ಅಭಿಪ್ರಾಯ ಓದಿ. ಹೋಟೆಲಿನವರು ಹಾಕಿದ ಫೋಟೋ ಬಿಟ್ಟು ಅಲ್ಲಿ ತಂಗಿದವರು ತೆಗೆದ ಫೋಟೋ ನೋಡಿ.

ಚೆಕ್‌ಇನ್ ಸಾಮಾನ್ಯವಾಗಿ ಹನ್ನೆರಡು ಇಲ್ಲವೇ ಎರಡು ಗಂಟೆಗೆ. ರೈಲು ಬೆಳಗ್ಗೆ ಆರೂವರೆ ಏಳಕ್ಕೆ ಬಂದರೆ ಮಧ್ಯದ ಹೊತ್ತು ಏನು ಮಾಡುತ್ತೀರಿ? ಬೇಗ ರೂಮು ಕೊಡಲು ಅರ್ಧ ದಿನದ ದುಡ್ಡು ಕೇಳಿದರೂ ಕೊಡುವುದೇ ಒಳ್ಳೇದು. ಅದೂ ಆಗದಿದ್ದರೆ ಸಾಮಾನು ಅಲ್ಲೇ ಇಟ್ಟು, ಮುಖ ತೊಳೆದು, ತಿಂಡಿಗೆ ಹೋಗಲು ಬಿಡುತ್ತಾರಾ ಕೇಳಿ. ದೊಡ್ಡವರೆಲ್ಲರ ಗುರುತಿನ ಚೀಟಿ ಕೇಳುತ್ತಾರೆ. ಮಕ್ಕಳದ್ದೂ, ಐದರ ಒಳಗಿನವರ ನೀಲಿ ಬಾಲ ಆಧಾರ್ ಸೇರಿ, ಜೊತೆಗಿರಲಿ.

ವಾರದ ಯಾವ ದಿನ ಬರುತ್ತೀರಿ ಅನ್ನುವುದೂ ಏರಿಯಾದಷ್ಟೇ ಮುಖ್ಯ. ಶನಿವಾರದಿಂದ ಸೋಮವಾರದ ಪ್ರವಾಸವಾದರೆ ಸೋಮವಾರ ಎಲಿಫೆಂಟಾ, ತಾರಾಲಯ, ಬೊರಿವಲಿ ಉದ್ಯಾನ ಮೂರೂ ಬಂದ್. ಆ ದಿನಕ್ಕೆ ರಾಣಿ ಬಾಗ್ ಇಟ್ಟುಕೊಳ್ಳಿ. ಭಾನುವಾರ ಹಗಲು ಲೋಕಲ್ ರೈಲುಗಳಿಗೆ ಮೆಗಾ ಬ್ಲಾಕ್ (ಹಳಿ ರಿಪೇರಿಗೆಂದು ಕೆಲವು ಗಾಡಿ ನಿಲ್ಲಿಸುವುದು) ಇರುತ್ತದೆ, ಗಾಡಿ ಕಡಿಮೆ, ನೂಕುನುಗ್ಗಲು ಜಾಸ್ತಿ. ಅವತ್ತು ನಡೆದು ಹೋಗುವ ದೂರದ್ದೋ ಮೆಟ್ರೋ ದಾರಿಯದ್ದೋ ನೋಡಿ. ವಾರದ ನಡುವೆ ಬಂದರೆ ಬೆಳಗ್ಗೆ ಹನ್ನೊಂದರ ಮೊದಲು, ಸಂಜೆ ಐದರ ನಂತರ ಮಕ್ಕಳೊಂದಿಗೆ ಲೋಕಲ್ ಹತ್ತಲೇಬೇಡಿ.

ಕೆಲವರು ಎರಡು ರಾತ್ರಿ ಫೋರ್ಟ್, ಎರಡು ರಾತ್ರಿ ಜುಹೂ ಅಂತ ಹಂಚಿಕೊಳ್ಳುತ್ತಾರೆ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆರು ವರ್ಷ ದಾಟಿದ ಮಕ್ಕಳಿದ್ದರೆ ಮಾಡಿ, ಮೊದಲು ಊರು, ಆಮೇಲೆ ಕೊಳ. ಅದಕ್ಕಿಂತ ಚಿಕ್ಕವರಿಗೆ ಹೊಸ ರೂಮು ಅಂದರೆ ಇನ್ನೊಂದು ರಾತ್ರಿ ನಿದ್ದೆಗೇಡು, ಒಂದೇ ಕಡೆ ಇರಿ. ಬೆಳಗಿನ ಜಾವದ ವಿಮಾನ ಇದ್ದವರು ಮಾತ್ರ ಕೊನೆಯ ರಾತ್ರಿ ಏರ್‌ಪೋರ್ಟ್ ಹತ್ತಿರ ಹಿಡಿಯಿರಿ. ಆ ಒಂದು ರಾತ್ರಿಗೆ ಕೊಳ, ಕಿಟಕಿ, ತಿಂಡಿ ಏನೂ ನೋಡಬೇಡಿ. ತಿಂಡಿ ಶುರುವಾಗುವ ಮೊದಲೇ ನೀವು ಹೊರಟಿರುತ್ತೀರಿ, ತಿಂಡಿ ಇಲ್ಲದ ದರ ಎಷ್ಟು ಅಂತ ಕೇಳಿ ಅದನ್ನೇ ಬುಕ್ ಮಾಡಿ.